ಸಂತೆ ಮಾಡುವುದೂ ಸಂತೆ ನೋಡುವುದೂ

ಕನ್ನಡದಲ್ಲಿ ತೇರನ್ನು ನೋಡುವುದುಂಟು, ನಾಟಕವನ್ನು ನೋಡುವುದುಂಟು, ಸಂತೆಯನ್ನಾದರೋ ಮಾಡುವರು. ಭೀಮನಬೀಡಿನ ಗೃಹಿಣಿಯು ‘ಸಂತೆ ಮಾಡಿಕೊಂಡು ಬಂದೆ’ನೆಂದರೆ ವಾರಕ್ಕೆ ಬೇಕಾದುದನ್ನು ಕೊಂಡು ತಂದಳೆಂದೇ ಅರ್ಥ. ಈಚೆಗೆ ಈ ಕ್ರಿಯಾಪದವು ಬದಲಾಗುತ್ತಿದೆ. ಬಂಡೀಪುರದ ಹುಲಿ, ಹಿಮವದ್ಗೋಪಾಲಸ್ವಾಮಿ ಬೆಟ್ಟದ ಮಂಜು, ಗುಂಡ್ಲುಪೇಟೆಯ ಹೆದ್ದಾರಿಯ ಬದಿಯ ಸೂರ್ಯಕಾಂತಿ ಹೊಲ, ಇವುಗಳ ಸಾಲಿಗೆ ಹಳ್ಳಿಯ ಸಂತೆಯೂ ಸೇರಿ ನೋಡತಕ್ಕ ವಸ್ತುವಾಗಿದೆ. ಬೆಂಗಳೂರಿನಿಂದ ಬಂದವರು ನೋಡಿ ಹೋದರೆ ಆಶ್ಚರ್ಯವಿಲ್ಲ, ಅವರು ಪ್ರವಾಸಿಗಳು. ಜಿಲ್ಲೆಯ ವಿದ್ಯಾವಂತ ಕುಟುಂಬಗಳೇ ತಮ್ಮ ಊರಿನ ಸಂತೆಗೆ ಪ್ರವಾಸಿಗಳಾಗಿರುವುದು ಆಕ್ಷೇಪಕ್ಕೆ ವಿಷಯ.

ಇಂತಹವರು ಬಿಸಿಲು ಇಳಿದ ಮೇಲೆ ಬರುವರು. ಒಣಮೆಣಸಿನಕಾಯಿಯ ರಾಶಿಯನ್ನು ಮೊಬೈಲಿನ ಚಿತ್ರದಲ್ಲಿ ಹಿಡಿಯುವರು. ಸೊಪ್ಪು ಮಾರುವ ಮುದುಕಿಗೆ ‘ಅಜ್ಜಿ, ಸ್ವಲ್ಪ ನಗಿ’ ಎನ್ನುವರು. ಅನಂತರ ಅವಳ ಎರಡು ಕಟ್ಟು ದಂಟಿನ ಸೊಪ್ಪಿಗೆ, ಹೇಳಿದ ಬೆಲೆಯ ಅರ್ಧದಿಂದ ಚೌಕಾಸಿಯನ್ನು ತೊಡಗುವರು. ಚಿತ್ರದಂತೆ ಚೌಕಾಸಿಯೂ ಅವರಿಗೆ ವಿನೋದದ ಒಂದು ಭಾಗ. ವಾರದ ತರಕಾರಿಯನ್ನು ಮಾತ್ರ ಗಾಜಿನ ಬಾಗಿಲಿನ ಅಂಗಡಿಯಲ್ಲಿ, ಚೀಟಿಯಲ್ಲಿ ಅಚ್ಚಾದ ಬೆಲೆಗೆ, ತುಟಿಪಿಟಕ್ಕೆನ್ನದೆ ಕೊಂಡೊಯ್ಯುವರು. ಅದೇ ಕುಟುಂಬವು ಸೂರ್ಯಕಾಂತಿಯ ನಡುವೆ ನಿಂತು ಚಿತ್ರ ತೆಗೆಸಿಕೊಳ್ಳಲು ಹೊಲದವನು ಕೇಳಿದಷ್ಟನ್ನು ಕೊಟ್ಟು ಬಂದಿರುವುದೂ ಉಂಟು. ಹೂವಿನ ಚಿತ್ರಕ್ಕೆ ಬೆಲೆಯುಂಟು, ತಿನ್ನುವ ಸೊಪ್ಪಿಗಿಲ್ಲವೆಂದರೆ ಇದೆಂತಹ ಲೆಕ್ಕ!

ಸಂತೆಯು ಏಕೆ ಬೇಕೆಂಬುದನ್ನು ಈ ಸೀಮೆಯ ಬೇಸಾಯದಿಂದಲೇ ತಿಳಿಯಬೇಕು. ಇಲ್ಲಿಯ ರೈತರು ಕೊಳವೆಬಾವಿಯ ನೀರನ್ನು ನಂಬಿ ಅರಿಸಿನ, ಬೆಳ್ಳುಳ್ಳಿ, ಸಣ್ಣ ಈರುಳ್ಳಿ, ಬಾಳೆ, ಎಲೆಕೋಸು, ಟೊಮೇಟೊಗಳನ್ನು ಬೆಳೆಯುವರು. ಹೆಚ್ಚು ಬೆಳೆದವನ ಸರಕು ಗುಂಡ್ಲುಪೇಟೆ, ತೆರಕಣಾಂಬಿಗಳ ಸಗಟು ಮಾರುಕಟ್ಟೆಯಲ್ಲಿ ಲಾರಿಯೇರಿ ಕೇರಳಕ್ಕೂ ತಮಿಳುನಾಡಿಗೂ ಹೋಗುವುದು. ಓಣಂ ಬಂತೆಂದರೆ ಇಲ್ಲಿಯ ಚೆಂಡುಹೂವಿಗೂ ತರಕಾರಿಗೂ ಗಿರಾಕಿ. ಹಬ್ಬ ಕಳೆಯಿತೆಂದರೆ ಕೇಳುವವರಿಲ್ಲ. ಬಂಡೀಪುರದ ಕಾಡಿನೊಳಗಣ ಹೆದ್ದಾರಿಯಲ್ಲಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನಸಂಚಾರಕ್ಕೆ ನಿಷೇಧವಿದೆ; ಕಾಡುಪ್ರಾಣಿಗಳ ಹಿತಕ್ಕೆ ಅದು ಸರಿಯಾದುದೇ. ಆದರೆ ಲಾರಿಯು ಗಡಿಯಾರವನ್ನು ನೋಡಿ ಹೊರಡುವಾಗ ಬಂದ ಬೆಲೆಗೆ ಒಪ್ಪಿಕೊಳ್ಳಬೇಕಾದವನು ರೈತನೇ. ದೂರದ ಊರಿನ ಹಬ್ಬ, ದೂರದ ಊರಿನ ಮಳೆ, ಲಾರಿಯ ಹೊತ್ತು, ದಲ್ಲಾಳಿಯ ಮನಸ್ಸು, ಇಷ್ಟನ್ನು ಆಶ್ರಯಿಸಿದ ಬೆಲೆ ಅದು. ಅರ್ಧ ಎಕರೆಯವನಿಗೆ, ಹಿತ್ತಲಿನ ಅವರೆಯನ್ನು ಬಿಡಿಸಿ ತರುವವಳಿಗೆ, ಆ ಲಾರಿಯೂ ಇಲ್ಲ. ಅವರಿಗಿರುವುದು ಹತ್ತಿರದ ಸಂತೆ. ಕೊಳ್ಳುವ ಮನೆಗಳು ಅಲ್ಲಿಂದ ಹಿಂದೆಗೆದರೆ ಆ ಚಿಕ್ಕವರೂ ದಲ್ಲಾಳಿಯ ಮುಂದೆಯೇ ಗೋಣಿಯನ್ನು ಬಿಚ್ಚಬೇಕಾಗುವುದು.

ಚೌಕಾಸಿಯು ಸಂತೆಯೊಡನೆಯೇ ಹುಟ್ಟಿದುದು, ಅದನ್ನು ನಿಂದಿಸುವುದೇಕೆ ಎಂಬುದು ಪೂರ್ವಪಕ್ಷ. ಅಹುದು, ಆದರೆ ಅದರ ಅಂಗವಾದ ಕೊಸರನ್ನು ಈ ವಾದಿಗಳು ಮರೆತಿರುವರು. ಹಳೆಯ ಚೌಕಾಸಿಯು ಒಬ್ಬರ ಮನೆಯ ಸುಖದುಃಖವನ್ನು ಇನ್ನೊಬ್ಬರು ಬಲ್ಲವರ ನಡುವೆ ನಡೆಯುತ್ತಿತ್ತು. ಮಾರುವವಳು ಕಾಸು ಬಿಟ್ಟು, ಅಳೆದ ಮೇಲೆ ಒಂದು ಹಿಡಿಯನ್ನು ಕೊಸರೆಂದು ಹಾಕುವಳು. ಕೊಂಡವಳು ಮುಂದಿನ ವಾರವೂ ಅಲ್ಲಿಗೇ ಬರುವಳು, ಮಳೆಯ ವಾರದಲ್ಲಿ ಸೊಪ್ಪು ಸೋತಿದ್ದರೂ ಕೊಳ್ಳುವಳು. ಇದು ಋಣಾನುಬಂಧ. ಮತ್ತೆಂದೂ ಬಾರದವನು ಋಣವನ್ನು ಹೊರದೆ ಕೊಸರನ್ನು ಮಾತ್ರ ಕೇಳುವುದು ಚೌಕಾಸಿಯಲ್ಲ, ಕಿತ್ತುಕೊಳ್ಳುವಿಕೆ. ಸಂಜೆಗೆ ಬಾಡುವ ಸರಕನ್ನು ಮುಂದಿಟ್ಟುಕೊಂಡವಳಿಗೂ, ಕೊಳ್ಳದೆ ಹೋದರೂ ಊಟ ತಪ್ಪದವನಿಗೂ ವಾದದಲ್ಲಿ ಸಮತ್ವವೆಲ್ಲಿ?

ಸಂತೆಯವರದು ಬಾಯಿಗೆ ಬಂದ ಬೆಲೆ, ಅಂಗಡಿಯವನದು ನಿಗದಿಯ ಬೆಲೆ ಎಂದು ಇನ್ನು ಕೆಲವರು ಹೇಳುವರು. ಕೌಟಿಲ್ಯನು ಅರ್ಥಶಾಸ್ತ್ರದಲ್ಲಿ ವರ್ತಕನ ಲಾಭಕ್ಕೆ ಮಿತಿಯನ್ನಿಟ್ಟನು: ಸ್ವದೇಶದ ಸರಕಿಗೆ ನೂರಕ್ಕೆ 5, ಪರದೇಶದ ಸರಕಿಗೆ ನೂರಕ್ಕೆ 10. ತೂಕ ಅಳತೆಗಳಿಗೆ ನಾಲ್ಕು ತಿಂಗಳಿಗೊಮ್ಮೆ ಪರೀಕ್ಷೆಯ ಮುದ್ರೆ ಬೀಳಬೇಕೆಂದನು. ಕೊಂಡು ಮಾರುವವನ ಮೇಲೆ ಆತನಿಗೆ ಅಷ್ಟು ಕಣ್ಣು. ಬೆಲೆಯು ಅಚ್ಚಾದ ಮಾತ್ರಕ್ಕೆ ನ್ಯಾಯವಾದುದಾಗದು. ಅದರಲ್ಲಿ ಬೆಳೆದವನ ಪಾಲೆಷ್ಟೆಂಬುದನ್ನು ಚೀಟಿಯು ಹೇಳುವುದಿಲ್ಲ.

ಕೈಕಸುಬಿನ ವಿಷಯದಲ್ಲಿ ಅನ್ಯಾಯವು ಇನ್ನೂ ಸ್ಪಷ್ಟ. ಸ್ವರ್ಣಗೌರಿಯ ವ್ರತದಲ್ಲಿ ಬಾಗಿನ ಕೊಡುವ ಮನೆಗಳಿಗೆ ಮೊರವಿಲ್ಲದೆ ನಡೆಯದು. ಭಾದ್ರಪದದ ತದಿಗೆಗೆ ಒಂದು ದಿನವಿರುವಾಗ ಮೇದರವನ ಮುಂದೆ ಗುಂಪುಗೂಡಿ, ಜೊತೆ ಮೊರಕ್ಕೆ ಹತ್ತು ರೂಪಾಯಿ ಬಿಡೆಂದು ಜಗಳವಾಡುವ ಸುಮಂಗಲಿಯರೇ, ಅಂತಹುದೇ ಮೊರಕ್ಕೆ ಬಣ್ಣ ಬಳಿದು ಪಟ್ಟಣದ ಕರಕುಶಲ ಮೇಳದಲ್ಲಿ ಕಲಾಕೃತಿಯೆಂದು ತೂಗುಹಾಕಿದರೆ, ಕೇಳಿದಷ್ಟು ಕೊಟ್ಟು ತಂದು ಗೋಡೆಯ ಮೊಳೆಗೆ ಸಿಕ್ಕಿಸುವರು. ಕೇರುವ ಮೊರಕ್ಕೆ ಬೆಲೆಯಿಲ್ಲ, ಕೇರದ ಮೊರಕ್ಕೆ ಬೆಲೆ! ಬಿದಿರನ್ನು ತರುವುದು, ಸೀಳುವುದು, ಎಳೆ ತೆಗೆಯುವುದು, ಹೆಣೆಯುವುದು, ಅಂಚು ಕಟ್ಟುವುದು, ಈ ಶ್ರಮವು ಎರಡಕ್ಕೂ ಒಂದೇ. ಬಿದಿರಾದರೋ ದಶಕಗಳ ಕಾಲ ಬೆಳೆದು, ಒಮ್ಮೆ ಹೂಬಿಟ್ಟರೆ ಮೆಳೆಗೆ ಮೆಳೆಯೇ ಒಣಗಿಹೋಗುವ ಜಾತಿ. ಮಲೆಮಹದೇಶ್ವರ ಬೆಟ್ಟದ ಸೋಲಿಗರು ಈ ಶತಮಾನದ ಆರಂಭದಲ್ಲಿ, ಕಾಡಿಗೆ ಕಳೆಯಾಗಿ ಹಬ್ಬಿದ ಲಾಂಟಾನದ ಕಡ್ಡಿಯಿಂದ ಕುರ್ಚಿ ಬುಟ್ಟಿಗಳನ್ನು ಮಾಡಲು ಕಲಿತರು. ಹೊಸದನ್ನು ಕಲಿಯುವ ಬುದ್ಧಿಗೆ ಕಸುಬಿನವರಲ್ಲಿ ಕೊರತೆಯಿಲ್ಲ. ಕೊಳ್ಳುವವರ ಬುದ್ಧಿಯೇ ಪ್ರಶ್ನೆ.

ಸಂತೆಯಲ್ಲಿ ದೋಷವಿಲ್ಲವೆಂದಲ್ಲ. ಮಳೆ ಬಂದರೆ ಕೆಸರು, ಬಿಸಿಲಾದರೆ ನೆರಳಿಲ್ಲ, ಹೆಂಗಸರಿಗೆ ಶೌಚಾಲಯವಿಲ್ಲ. ಇಂತಹ ಸಂತೆಮಾಳಗಳು ಎಷ್ಟೋ. ಸುಂಕದ ಹಕ್ಕನ್ನು ಹರಾಜು ಹಾಕುವವರಿಗೆ ಸುಂಕವು ನೆನಪಿರುವಷ್ಟು ಸೂರು ನೆನಪಿರುವುದಿಲ್ಲ. ಮಾರುವವರೂ ಕೊಳ್ಳುವವರೂ ಪರಂಪರೆಯಿಂದ ಸೇರುತ್ತ ಬಂದ ಸ್ಥಳವನ್ನು ಸಹಜ ಮಾರುಕಟ್ಟೆಯೆಂದು ಗುರುತಿಸಲು 2014ರ ಬೀದಿ ವ್ಯಾಪಾರಿಗಳ ಕಾಯಿದೆಯು ಪಟ್ಟಣಗಳಲ್ಲಿ ಅವಕಾಶವಿತ್ತಿದೆ. ಅದಕ್ಕೆ ಅರ್ಜಿ ಬರೆಯಬಲ್ಲವಳು ಸೊಪ್ಪಿನ ಮುದುಕಿಯಲ್ಲ, ಅವಳ ಚಿತ್ರ ತೆಗೆದವರು. ಹಳ್ಳಿಗಳಲ್ಲಿ ಅವರು ಗ್ರಾಮಸಭೆಗೆ ಹೋಗಿ, ಹೋದ ವರ್ಷ ಬಂದ ಸುಂಕವೆಷ್ಟು, ಅದರಲ್ಲಿ ಸಂತೆಮಾಳಕ್ಕೆ ಖರ್ಚಾದುದೆಷ್ಟು ಎಂದು ಎರಡು ಪ್ರಶ್ನೆಗಳನ್ನು ಕೇಳಲಿ. ಬಾಗಿನದ ಮೊರಗಳಿಗೆ ಶ್ರಾವಣದ ಆರಂಭದಲ್ಲಿಯೇ ಮೇದರವನ ಮನೆಗೆ ಹೋಗಿ, ಎಷ್ಟು ಜೊತೆ ಬೇಕೆಂದು ಹೇಳಿ, ಅರ್ಧ ಹಣವನ್ನು ಮುಂಗಡವಾಗಿ ಕೊಟ್ಟು ಬರಲಿ. ತಂದ ಮೊರದ ಅಂಚು ಸಡಿಲವಾಗಿದ್ದರೆ ಆಗ ಧಾರಾಳವಾಗಿ ಜಗಳವಾಡಬಹುದು.