ನೌಕರಿ ಕೈಗೆ ಬಂತು, ಬಡ್ತಿ ದೂರ ಉಳಿಯಿತು

ಬೀದರ್: ಬೆಳಗಿನ ಎಂಟು ಗಂಟೆಗೆ ಮುನ್ನವೇ ನಗರದ ಬಸ್ ನಿಲ್ದಾಣದಲ್ಲಿ ಭಾಲ್ಕಿ ಮತ್ತು ಔರಾದ್ ಕಡೆಗೆ ಹೊರಡುವ ಬಸ್ಸುಗಳಿಗಾಗಿ ಕಾಯುವವರ ನಡುವೆ ಊಟದ ಡಬ್ಬಿ ಹಿಡಿದ ಶಿಕ್ಷಕಿಯರು, ಶುಶ್ರೂಷಕಿಯರು, ಸರ್ಕಾರಿ ಕಚೇರಿಗಳ ಮಹಿಳಾ ನೌಕರರು ಕಾಣಸಿಗುತ್ತಾರೆ. ಸಂಜೆ ಇದೇ ಪಯಣ ಹಿಮ್ಮುಖವಾಗಿ ನಡೆಯುತ್ತದೆ. ಎರಡೂ ತಾಲ್ಲೂಕು ಕೇಂದ್ರಗಳು ಜಿಲ್ಲಾ ಕೇಂದ್ರದಿಂದ ಸುಮಾರು 40 ಕಿ.ಮೀ. ದೂರದಲ್ಲಿವೆ. ದಿನಕ್ಕೆ 80 ಕಿ.ಮೀ. ಸಂಚರಿಸುವ ಈ ಮಹಿಳೆಯರ ಬದುಕಿನಲ್ಲಿ ಗಡಿ ಜಿಲ್ಲೆಯ ಉದ್ಯೋಗ ಚಿತ್ರದ ಎರಡು ಮುಖಗಳು ಅಡಗಿವೆ. ಒಂದು, ನೌಕರಿಯ ಬಾಗಿಲು ತೆರೆದಿದೆ. ಇನ್ನೊಂದು, ಒಳಗೆ ಬಂದವರು ಮೇಲೇರುವುದು ಕಷ್ಟವಾಗಿಯೇ ಉಳಿದಿದೆ.

ತೆರೆದ ಬಾಗಿಲು

ಜಿಲ್ಲೆಯ ಮಹಿಳಾ ಸಾಕ್ಷರತೆ 2001ರ ಜನಗಣತಿಯಲ್ಲಿ ಶೇ 50ಕ್ಕಿಂತ ಕಡಿಮೆ ಇತ್ತು. 2011ರ ವೇಳೆಗೆ ಅದು ಶೇ 61ನ್ನು ದಾಟಿತು. ಇದೇ ಅವಧಿಯ ನಂತರ ಸಂವಿಧಾನದ 98ನೇ ತಿದ್ದುಪಡಿಯ ಮೂಲಕ 371(ಜೆ) ವಿಧಿ ಸೇರ್ಪಡೆಯಾಯಿತು. 2013ರಲ್ಲಿ ಹೊರಬಿದ್ದ ಆದೇಶದಂತೆ ಈ ಭಾಗದ ಸರ್ಕಾರಿ ಹುದ್ದೆಗಳಲ್ಲಿ ವೃಂದಕ್ಕೆ ತಕ್ಕಂತೆ ಶೇ 75ರಿಂದ 85ರವರೆಗೆ ಸ್ಥಳೀಯರಿಗೆ ಮೀಸಲಾದವು. ರಾಜ್ಯದ ನೇರ ನೇಮಕಾತಿಯಲ್ಲಿ ಮಹಿಳೆಯರಿಗಿದ್ದ ಶೇ 30ರ ಮೀಸಲಾತಿ ಶೇ 33ಕ್ಕೆ ಏರಿತು. ಹಿಂದುಳಿದ ಪ್ರದೇಶವೆಂಬ ಹಣೆಪಟ್ಟಿ ಹೊತ್ತ ಜಿಲ್ಲೆಯ ಹೆಣ್ಣುಮಕ್ಕಳಿಗೆ ಇವೆರಡೂ ದೊಡ್ಡ ಆಸರೆಯಾದವು ಎಂಬುದರಲ್ಲಿ ಸಂಶಯವಿಲ್ಲ.

ಆದರೆ ಮೀಸಲಾತಿ ನೇಮಕಾತಿ ಪತ್ರವನ್ನು ಕೊಡಿಸಬಲ್ಲದೇ ಹೊರತು, ನೌಕರಿ ಮತ್ತು ಮನೆ ಎರಡನ್ನೂ ನಿಭಾಯಿಸುವ ಅನುಕೂಲವನ್ನಲ್ಲ. ಬಡ್ತಿಯೊಂದಿಗೆ ಬಹುತೇಕ ವರ್ಗಾವಣೆಯೂ ಬರುತ್ತದೆ. ಬೀದರ್ ನಗರದಲ್ಲಿ ಮಕ್ಕಳ ಶಾಲೆ, ವಯಸ್ಸಾದ ಅತ್ತೆ ಮಾವಂದಿರ ಔಷಧೋಪಚಾರ, ಪತಿಯ ಉದ್ಯೋಗ ಇವೆಲ್ಲವನ್ನೂ ನೋಡಿಕೊಳ್ಳುತ್ತಿರುವ ಮಹಿಳೆಗೆ ಔರಾದ್ ತಾಲ್ಲೂಕಿನ ಗಡಿ ಗ್ರಾಮದ ಹುದ್ದೆ ಬಡ್ತಿಯಾಗಿ ಕಾಣುವುದಿಲ್ಲ. ಬಡ್ತಿ ಬೇಡವೆಂದು ಬರೆದುಕೊಡುವ ರೂಢಿ ಸರ್ಕಾರಿ ಕಚೇರಿಗಳಿಗೆ ಹೊಸದೇನಲ್ಲ. ಕಡತದಲ್ಲಿ ಅದು ‘ಸ್ವಇಚ್ಛೆ’ ಎಂದೇ ದಾಖಲಾಗುತ್ತದೆ. ಆ ಇಚ್ಛೆಯ ಹಿಂದಿರುವ ಅನಿವಾರ್ಯತೆಗೆ ಕಡತದಲ್ಲಿ ಜಾಗವಿಲ್ಲ.

ಟಿಕೆಟ್ ಉಳಿಯಿತು, ಸಮಯ ಉಳಿಯಲಿಲ್ಲ

2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯಿಂದ ಸಾಮಾನ್ಯ ಬಸ್ಸುಗಳಲ್ಲಿ ಮಹಿಳೆಯರ ಪ್ರಯಾಣ ವೆಚ್ಚ ಇಲ್ಲವಾಯಿತು. ಕಡಿಮೆ ಸಂಬಳದ ಖಾಸಗಿ ಶಾಲಾ ಶಿಕ್ಷಕಿಗೆ ಇದು ಕಣ್ಣಿಗೆ ಕಾಣುವ ಉಳಿತಾಯ. ಆದರೆ ಬಸ್ಸಿನಲ್ಲಿ ಕಳೆಯುವ ಗಂಟೆಗಳನ್ನು ಯಾವ ಯೋಜನೆಯೂ ಹಿಂದಿರುಗಿಸುವುದಿಲ್ಲ. ಭಾಲ್ಕಿಗೆ ರೈಲು ಸಂಪರ್ಕವಾದರೂ ಇದೆ. ಔರಾದ್ ಪಟ್ಟಣಕ್ಕೆ ಬಸ್ಸೇ ಗತಿ.

ಮನೆ ತಲುಪಿದ ಮೇಲೆ ಎರಡನೇ ಪಾಳಿ ಶುರುವಾಗುತ್ತದೆ. ಕೇಂದ್ರ ಸರ್ಕಾರದ 2024ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ವೇತನವಿಲ್ಲದ ಮನೆಗೆಲಸದಲ್ಲಿ ತೊಡಗುವ ಮಹಿಳೆಯರು ಅದಕ್ಕೆ ದಿನಕ್ಕೆ ಸರಾಸರಿ 289 ನಿಮಿಷ ವ್ಯಯಿಸಿದರೆ, ಪುರುಷರು 88 ನಿಮಿಷವಷ್ಟೇ ಕೊಡುತ್ತಾರೆ. ಇಲಾಖಾ ಪರೀಕ್ಷೆಗೆ ಓದುವ, ತರಬೇತಿಗೆ ಹೋಗುವ, ಉನ್ನತ ಪದವಿಗೆ ಸಿದ್ಧವಾಗುವ ಸಮಯ ಈ ಅಂತರದಲ್ಲೇ ಕರಗಿಹೋಗುತ್ತದೆ. ವೃತ್ತಿಯಲ್ಲಿ ಹಿಂದೆ ಬೀಳುವುದಕ್ಕೆ ಪ್ರತಿಭೆಯ ಕೊರತೆಗಿಂತ ಇದೇ ಮುಖ್ಯ ಕಾರಣವಾಗುತ್ತದೆ.

ಒತ್ತಡದ ಕುರಿತು ಮಾತನಾಡುವುದೂ ಸುಲಭವಲ್ಲ. ಮನೋಚೈತನ್ಯ ಕಾರ್ಯಕ್ರಮದಡಿ ಮಂಗಳವಾರದಂದು ತಾಲ್ಲೂಕು ಆಸ್ಪತ್ರೆಗಳಲ್ಲಿ ಮನೋವೈದ್ಯರ ಸೇವೆ ಒದಗಿಸುವ ವ್ಯವಸ್ಥೆಯನ್ನು ರಾಜ್ಯ ರೂಪಿಸಿದೆ. ಆದರೆ ಕೆಲಸದ ದಿನ ರಜೆ ಹಾಕಿ, ಪರಿಚಿತರೇ ತುಂಬಿರುವ ಸಣ್ಣ ಊರಿನ ಆಸ್ಪತ್ರೆಯಲ್ಲಿ ಸರದಿಯಲ್ಲಿ ನಿಲ್ಲಲು ಎಷ್ಟು ಮಹಿಳೆಯರಿಗೆ ಧೈರ್ಯವಿದ್ದೀತು? 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿ (14416) ಈ ದೃಷ್ಟಿಯಿಂದ ಹೆಚ್ಚು ಉಪಯುಕ್ತ. ಕನ್ನಡ, ಮರಾಠಿ, ತೆಲುಗು, ಉರ್ದು ಬೆರೆತ ಈ ಜಿಲ್ಲೆಯಲ್ಲಿ ಅದರ ಪ್ರಚಾರವೂ ನಾಲ್ಕು ಭಾಷೆಗಳಲ್ಲಿ ನಡೆಯಬೇಕು.

ರಜೆಯೊಂದೇ ಸಾಲದು

ಸರ್ಕಾರ ಕೈಕಟ್ಟಿ ಕುಳಿತಿಲ್ಲ. 2021ರಲ್ಲಿ ರಾಜ್ಯದ ಮಹಿಳಾ ನೌಕರರಿಗೆ ಇಡೀ ಸೇವಾವಧಿಯಲ್ಲಿ 180 ದಿನಗಳ ಶಿಶುಪಾಲನಾ ರಜೆ ಮಂಜೂರಾಯಿತು. ಕೇಂದ್ರ ನೌಕರರಿಗೆ ಇದು 730 ದಿನ. 2025ರ ಅಕ್ಟೋಬರ್‌ನಲ್ಲಿ ತಿಂಗಳಿಗೊಂದು ದಿನ ವೇತನಸಹಿತ ಮುಟ್ಟಿನ ರಜೆಯ ನೀತಿಗೆ ಸಚಿವ ಸಂಪುಟ ಒಪ್ಪಿಗೆ ನೀಡಿತು. ಆದರೆ ರಜೆ ಆ ಹೊತ್ತಿನ ಬಿಡುವು ಮಾತ್ರ. ರಜೆ ಮುಗಿದ ಮರುದಿನ ಮಗುವನ್ನು ಯಾರ ಬಳಿ ಬಿಡಬೇಕೆಂಬ ಪ್ರಶ್ನೆ ಹಾಗೆಯೇ ಉಳಿಯುತ್ತದೆ. 50 ಅಥವಾ ಹೆಚ್ಚು ನೌಕರರಿರುವ ಸಂಸ್ಥೆಗಳು ಶಿಶುಪಾಲನಾ ಕೇಂದ್ರ ಒದಗಿಸಬೇಕೆಂದು 2017ರ ಹೆರಿಗೆ ಸೌಲಭ್ಯ ತಿದ್ದುಪಡಿ ಕಾಯ್ದೆ ವಿಧಿಸಿತು. ಭಾಲ್ಕಿ, ಔರಾದ್‌ನಂಥ ಪಟ್ಟಣಗಳ ಸಣ್ಣ ಶಾಲೆ, ನರ್ಸಿಂಗ್ ಹೋಂ, ಅಂಗಡಿಗಳು ಈ ಸಂಖ್ಯೆಯನ್ನೇ ಮುಟ್ಟುವುದಿಲ್ಲ. ಗ್ರಾಮ ಪಂಚಾಯಿತಿಗಳ ‘ಕೂಸಿನ ಮನೆ’ ಮುಖ್ಯವಾಗಿ ಉದ್ಯೋಗ ಖಾತ್ರಿ ಕಾರ್ಮಿಕರ ಮಕ್ಕಳಿಗಾಗಿ ರೂಪುಗೊಂಡದ್ದು. ಹೀಗಾಗಿ ಪಟ್ಟಣದ ಮಧ್ಯಮ ವರ್ಗದ ಉದ್ಯೋಗಸ್ಥೆ ಎರಡೂ ಕಡೆ ಸಲ್ಲದವಳಾಗುತ್ತಾಳೆ.

ಹಾಗೆಂದು ಮಹಿಳೆಯರಿಗೆಲ್ಲ ವರ್ಗಾವಣೆಯಿಂದ ವಿನಾಯಿತಿ ನೀಡುವುದು ಪರಿಹಾರವಲ್ಲ. ಎಲ್ಲರೂ ನಗರದಲ್ಲೇ ಉಳಿದರೆ ಔರಾದ್‌ನ ಶಾಲೆ, ಆಸ್ಪತ್ರೆಗಳಿಗೆ ಹೋಗುವವರು ಯಾರು? ಅಲ್ಲಿ ಓದುತ್ತಿರುವ ಬಾಲಕಿಯರೂ ಇದೇ ಜಿಲ್ಲೆಯ ನಾಳಿನ ಉದ್ಯೋಗಸ್ಥೆಯರು. ಅವರ ಶಾಲೆಯಲ್ಲಿ ಶಿಕ್ಷಕಿ ಇಲ್ಲದಂತೆ ಮಾಡಿ ಇವರ ಸಂಕಷ್ಟ ನೀಗಿಸುವುದು ನ್ಯಾಯವಲ್ಲ.

ಆದ್ದರಿಂದ ಹುದ್ದೆ ಇರುವ ಊರನ್ನೇ ವಾಸಯೋಗ್ಯಗೊಳಿಸಬೇಕು. ಔರಾದ್ ಮತ್ತು ಭಾಲ್ಕಿಯಲ್ಲಿ ಸುರಕ್ಷಿತ ವಸತಿಗೃಹಗಳು, ‘ಸಖಿ ನಿವಾಸ’ ಯೋಜನೆಯಡಿ ಮಹಿಳಾ ವಸತಿ ನಿಲಯಗಳು, ಹಲವು ಸಣ್ಣ ಸಂಸ್ಥೆಗಳು ಕೂಡಿ ನಡೆಸುವ ಶಿಶುಪಾಲನಾ ಕೇಂದ್ರ, ಕಚೇರಿ ವೇಳೆಗೆ ಹೊಂದುವ ಬಸ್ಸುಗಳು ಇವ್ಯಾವುವೂ ಅಸಾಧ್ಯವಾದ ಬೇಡಿಕೆಗಳಲ್ಲ. 371(ಜೆ) ಅಡಿ ಸ್ಥಾಪಿತವಾದ ಪ್ರದೇಶಾಭಿವೃದ್ಧಿ ಮಂಡಳಿ ರಸ್ತೆ, ಕಟ್ಟಡಗಳಿಗೆ ಹಣ ನೀಡುವಾಗ ಇವುಗಳನ್ನೂ ಅಭಿವೃದ್ಧಿಯೆಂದೇ ಪರಿಗಣಿಸಬೇಕಿದೆ.

ಉಳಿದದ್ದು ಮನೆಯೊಳಗಿನ ಮಾತು. 289 ಮತ್ತು 88ರ ನಡುವಣ ಅಂತರವನ್ನು ಯಾವ ಸರ್ಕಾರಿ ಆದೇಶವೂ ಕಡಿಮೆ ಮಾಡಲಾರದು. ಬಡ್ತಿಯ ಆದೇಶ ಕೈಸೇರಿದ ಸಂಜೆ ‘ಬೇಡ ಎಂದು ಬರೆದುಕೊಡು’ ಎನ್ನುವ ಬದಲು ‘ಹೋಗು, ಮನೆ ನಾವು ನೋಡಿಕೊಳ್ಳುತ್ತೇವೆ’ ಎನ್ನುವ ಮನೆಗಳು ಹೆಚ್ಚಾಗುವವರೆಗೆ, ಗಡಿ ಜಿಲ್ಲೆಗೆ ದೊರೆತ ವಿಶೇಷ ಸ್ಥಾನಮಾನದ ಫಲ ಹೆಣ್ಣುಮಕ್ಕಳಿಗೆ ಅರ್ಧದಷ್ಟೇ ದಕ್ಕೀತು.