ಮನೆಯ ಸಮೀಪದ ಉದ್ಯಾನಗಳು

ಅಮೆರಿಕದ ರಾಜಧಾನಿಯಾದ ವಾಷಿಂಗ್‌ಟನ್ ನಗರಕ್ಕೆ ಹೊಂದಿಕೊಂಡಿರುವ ಮಾಂಟ್‌ಗೊಮರಿ ಕೌಂಟಿಯಲ್ಲಿ, ತೊರೆಗಳ ಇಕ್ಕೆಲದ ತಗ್ಗುಭೂಮಿಯನ್ನು ಮನೆಗಳೇಳುವ ಮೊದಲೇ ಕೊಂಡಿರಿಸಿದವರ ದೂರದೃಷ್ಟಿಯನ್ನು ನಾವು ಮುಕ್ತಕಂಠದಿಂದ ಪ್ರಶಂಸಿಸುತ್ತೇವೆ. 1927ರಲ್ಲಿ ಮೇರಿಲೆಂಡ್ ಸಂಸ್ಥಾನವು ಉದ್ಯಾನ ಮತ್ತು ನಗರಯೋಜನೆಗಳಿಗಾಗಿ ಮಂಡಲಿಯೊಂದನ್ನು ಸ್ಥಾಪಿಸಿತು. 1930ರ ಕ್ಯಾಪರ್-ಕ್ರ್ಯಾಮ್ಟನ್ ಶಾಸನದ ಮೂಲಕ ಕೇಂದ್ರ ಸರ್ಕಾರವು ಭೂಮಿಯ ಬೆಲೆಯಲ್ಲಿ ಒಂದು ಪಾಲನ್ನು ಸಹಾಯದ್ರವ್ಯವಾಗಿಯೂ ಉಳಿದುದನ್ನು ಮುಂಗಡವಾಗಿಯೂ ಕೊಡಲೊಪ್ಪಿತು. ಅದಾದರೋ ಆರ್ಥಿಕ ಮುಗ್ಗಟ್ಟಿನ ಕಾಲ! ಬೊಕ್ಕಸ ಬರಿದೆಂದು ನೆವ ಹೇಳುವ ಅಧಿಕಾರಿವರ್ಗವು ಇದನ್ನು ಗಮನಿಸಬೇಕು. ಎರಡನೆಯ ಮಹಾಯುದ್ಧಾನಂತರ ಮನೆಗಳು ಸಾಲುಗಟ್ಟಿದಾಗಲೂ ರಾಕ್ ಕ್ರೀಕ್, ಸ್ಲೈಗೊ ಕ್ರೀಕ್‌ಗಳ ಕಣಿವೆಗಳು ಹಸುರಾಗಿಯೇ ಉಳಿದವು. ನೆರೆಯ ನೀರಿಗೂ ಹರಡಲು ಎಡೆ ದೊರೆಯಿತು.

ಆದರೆ ನಮ್ಮದೊಂದು ಆಕ್ಷೇಪವುಂಟು. ಸ್ಲೈಗೊ ತೊರೆಯ ಕಾಲುದಾರಿಯು ಕೋಲ್ಸ್‌ವಿಲ್ ರಸ್ತೆ, ಯೂನಿವರ್ಸಿಟಿ ಬುಲೆವಾರ್ಡ್ ಮೊದಲಾದ, ಮೋಟಾರುಗಳು ಎಡೆಬಿಡದೆ ಓಡುವ ಹೆದ್ದಾರಿಗಳನ್ನು ಹಾಯ್ದು ಹೋಗಬೇಕಾಗಿದೆ. ಕೂಗಳತೆಯಲ್ಲಿದ್ದರೂ ಮುದುಕರೂ ಮಕ್ಕಳೂ ಒಂಟಿಯಾಗಿ ಹೋಗಲಂಜುವ ಉದ್ಯಾನವನ್ನು ಸಮೀಪದ್ದೆಂದು ನಾವು ಒಪ್ಪಲಾರೆವು. ತೊರೆಯ ಬದಿಯ ರಸ್ತೆಯ ಕೆಲಭಾಗದಲ್ಲಿ ವಾರಾಂತ್ಯ ಮೋಟಾರುಗಳನ್ನು ತಡೆಯುವ ಪರಿಪಾಠವು ಶ್ಲಾಘ್ಯವೇ ಸರಿ, ಅಷ್ಟರಿಂದ ತೃಪ್ತರಾಗಲಾಗದು. ಎಕರೆಗಳ ಲೆಕ್ಕ ಬರೆಯುವ ಅಧಿಕಾರಿಗಳು, ಎಷ್ಟು ಮನೆಗಳಿಂದ ಮಗುವೊಂದು ನಿರ್ಭಯವಾಗಿ ನಡೆದು ಅಲ್ಲಿಗೆ ತಲುಪಬಲ್ಲುದೆಂಬ ಲೆಕ್ಕವನ್ನೂ ಇಡಲಿ. ರಸ್ತೆ ದಾಟುವ ಎಡೆಗಳನ್ನು ಸುರಕ್ಷಿತಗೊಳಿಸುವ ವೆಚ್ಚವನ್ನು ಉದ್ಯಾನದ ಆಯವ್ಯಯದಲ್ಲಿಯೇ ಸೇರಿಸಲಿ.