ಗೆಲುವಿಗೆ ಮುಂಚಿನ ವರ್ಷಗಳು

ಗೆದ್ದು ಬಂದವನನ್ನು ಹೊಗಳುವುದು ಸುಲಭ. ಹಾರ, ಶಾಲು, ಸನ್ಮಾನ ಪತ್ರಗಳೆಲ್ಲ ಆಗ ತಾವಾಗಿಯೇ ಒದಗಿ ಬರುತ್ತವೆ. ಆದರೆ ಗೆಲುವು ಕೈಗೂಡುವುದಕ್ಕೆ ಮುಂಚೆ, ಹೆಸರೂ ಇಲ್ಲದ, ಹಣವೂ ಇಲ್ಲದ ವರ್ಷಗಳಲ್ಲಿ ಆತನ ಬೆನ್ನಿಗೆ ನಿಂತವರು ಯಾರು ಎಂದು ನಾವು ಕೇಳುವುದು ಅಪರೂಪ. 2025ರ ನವೆಂಬರ್ 1ರಂದು ಕೊಡಗಿನ ರೋಹನ್ ಬೋಪಣ್ಣ ವೃತ್ತಿಪರ ಟೆನಿಸ್‌ಗೆ ವಿದಾಯ ಘೋಷಿಸಿದಾಗ, 43ನೇ ವಯಸ್ಸಿನಲ್ಲಿ ಅವರು ವಿಶ್ವದ ಅಗ್ರಸ್ಥಾನಕ್ಕೆ ಏರಿದ ಸಾಧನೆಯನ್ನು ನಾಡೆಲ್ಲ ಕೊಂಡಾಡಿತು. ಅದು ಯೋಗ್ಯವೇ. ಆದರೆ ಮಕ್ಕಳನ್ನು ಬೆಳೆಸುತ್ತಿರುವ ನಮಗೆ ಅವರ ಕೊನೆಯ ವರ್ಷಗಳಿಗಿಂತ ಮೊದಲ ವರ್ಷಗಳಲ್ಲಿಯೇ ಕಲಿಯತಕ್ಕದ್ದು ಹೆಚ್ಚಿದೆ.

ಬೋಪಣ್ಣ ಹುಟ್ಟಿದ್ದು 1980ರ ಮಾರ್ಚ್ 4ರಂದು, ಬೆಂಗಳೂರಿನಲ್ಲಿ; ಬೆಳೆದದ್ದು ಕೊಡಗಿನಲ್ಲಿ. ತಂದೆ ಕಾಫಿ ಬೆಳೆಗಾರರು. ಸುಮಾರು ಹನ್ನೊಂದರ ಪ್ರಾಯದಲ್ಲಿ ಬಾಲಕ ಟೆನಿಸ್ ರ‍್ಯಾಕೆಟ್ ಹಿಡಿದ. ಹಾಕಿಗೆ ಹೆಸರಾದ ಆ ನಾಡಿನಲ್ಲಿ ಟೆನಿಸ್‌ಗೆ ಬೇಕಾದ ಅನುಕೂಲಗಳು ವಿರಳವಾಗಿದ್ದವು. ಸರ್ವ್‌ಗೆ ಬಲ ಬರಲೆಂದು ಸೌದೆ ಸೀಳಿದ್ದನ್ನೂ, ದಮ್ಮು ಕಟ್ಟಲೆಂದು ಕಾಫಿ ತೋಟಗಳ ನಡುವೆ ಓಡಿದ್ದನ್ನೂ ತಮ್ಮ ವಿದಾಯದ ಮಾತುಗಳಲ್ಲಿ ಅವರೇ ನೆನೆದಿದ್ದಾರೆ. ಮುಂದಿನ ತರಬೇತಿಗಾಗಿ ಮನೆ ಬಿಟ್ಟು ಪುಣೆಯ ನಂದನ್ ಬಾಳ್ ಅವರ ಅಕಾಡೆಮಿ ಸೇರಬೇಕಾಯಿತು.

ಅಲ್ಲಿಂದ ಮುಂದಿನದು ದಿಢೀರ್ ಯಶಸ್ಸಿನ ಕಥೆಯಲ್ಲ. ಬೋರಿಸ್ ಬೆಕರ್ 1985ರಲ್ಲಿಯೂ, ಮರಿಯಾ ಶರಪೋವಾ 2004ರಲ್ಲಿಯೂ ವಿಂಬಲ್ಡನ್ ಗೆದ್ದಾಗ ಅವರಿಬ್ಬರಿಗೂ ಹದಿನೇಳೇ ವರ್ಷ. ಬೋಪಣ್ಣ 2002ರಲ್ಲಿ ಡೇವಿಸ್ ಕಪ್ ಪಂದ್ಯದಲ್ಲಿ ಭಾರತದ ಪರ ಮೊದಲ ಬಾರಿಗೆ ಆಡಿದಾಗ ಅವರ ವಯಸ್ಸು 22. ಎದುರಾಳಿ ಆಸ್ಟ್ರೇಲಿಯಾ, ಭಾರತಕ್ಕೆ ಸೋಲು. 2003ರಲ್ಲಿ ಅವರು ವೃತ್ತಿಪರ ಆಟಗಾರರಾದರು. ಸಿಂಗಲ್ಸ್ ವಿಭಾಗದಲ್ಲಿ ವರ್ಷಗಳ ಕಾಲ ಹೆಣಗಿ 2007ರಲ್ಲಿ ತಲುಪಿದ ಅತ್ಯುನ್ನತ ಸ್ಥಾನ 213. ಎಟಿಪಿ ಮಟ್ಟದ ಮೊದಲ ಪ್ರಶಸ್ತಿ ಬಂದದ್ದು 2008ರಲ್ಲಿ, ಲಾಸ್ ಏಂಜಲೀಸ್‌ನಲ್ಲಿ, ಅಮೆರಿಕದ ಎರಿಕ್ ಬುಟೊರಾಕ್ ಅವರ ಜೊತೆಗೂಡಿ ಆಡಿದ ಡಬಲ್ಸ್‌ನಲ್ಲಿ. ಆಗ ಅವರಿಗೆ 28 ವರ್ಷ. ನಮ್ಮ ಓರಗೆಯವರ ಅಳತೆಗೋಲಿನಿಂದ ಅವರನ್ನು 25ರ ವಯಸ್ಸಿನಲ್ಲಿ ಅಳೆದಿದ್ದರೆ, ‘ಓದೂ ಹೋಯಿತು, ಆಟವೂ ಒಲಿಯಲಿಲ್ಲ’ ಎಂಬ ತೀರ್ಪು ಹೊರಬೀಳುತ್ತಿತ್ತೇನೋ!

ಟೆನಿಸ್ ಆಟಗಾರನ ಆರಂಭದ ವರ್ಷಗಳು ಏಕೆ ಇಷ್ಟು ಕಠಿಣ ಎಂಬುದನ್ನು ಓದುಗರು ತಿಳಿಯಬೇಕು. ಕ್ರಿಕೆಟಿಗನಿಗೆ ತಂಡವಿದೆ, ಪ್ರಯಾಣ, ವಸತಿ, ಊಟದ ಹೊಣೆಯನ್ನು ಸಂಸ್ಥೆ ಹೊರುತ್ತದೆ. ಟೆನಿಸ್‌ನಲ್ಲಿ ಯುವಕ ಒಂಟಿ. ಕೆಳಗಿನ ಮೆಟ್ಟಿಲು, ಆಗ ಫ್ಯೂಚರ್ಸ್ ಎನಿಸಿಕೊಂಡಿದ್ದ ಸಣ್ಣ ಟೂರ್ನಿಗಳದು. ಅದರ ಮೇಲೆ ಚಾಲೆಂಜರ್. ಅದರ ಮೇಲೆ ಎಟಿಪಿ. ಆ ಕಾಲದ ಫ್ಯೂಚರ್ಸ್ ಟೂರ್ನಿಯೊಂದರ ಒಟ್ಟು ಬಹುಮಾನವೇ 10,000 ಇಲ್ಲವೆ 15,000 ಡಾಲರ್. ಅದನ್ನು ಆಟಗಾರರೆಲ್ಲ ಹಂಚಿಕೊಳ್ಳಬೇಕು. ಮೊದಲ ಸುತ್ತಿನಲ್ಲಿ ಸೋತವನಿಗೆ ಬಂದ ದಾರಿಯ ಖರ್ಚೂ ಹುಟ್ಟುವುದಿಲ್ಲ. ಗಳಿಸಿದ ಅಂಕಗಳ ಆಯುಷ್ಯ 52 ವಾರ ಮಾತ್ರ. ಆ ಬಳಿಕ ಅವು ಅಳಿಸಿಹೋಗುತ್ತವೆ. ಗಾಯಗೊಂಡು ಮನೆಯಲ್ಲಿ ಕುಳಿತರೆ ಏರಿದ ಮೆಟ್ಟಿಲುಗಳೂ ಕೈತಪ್ಪುತ್ತವೆ.

ಅಂತರರಾಷ್ಟ್ರೀಯ ಟೆನಿಸ್ ಫೆಡರೇಷನ್ 2013ರ ಸಾಲಿಗೆ ತೆಗೆದ ಲೆಕ್ಕವೊಂದಿದೆ. ಅದರ ಪ್ರಕಾರ ಪುರುಷ ಆಟಗಾರನೊಬ್ಬನ ಸರಾಸರಿ ವಾರ್ಷಿಕ ವೆಚ್ಚ, ತರಬೇತುದಾರರ ಸಂಭಾವನೆಯನ್ನು ಬಿಟ್ಟು, ಸುಮಾರು 38,800 ಡಾಲರ್. ಅಂದಿನ ದರದಲ್ಲಿ ಅದು 20 ಲಕ್ಷ ರೂಪಾಯಿಗೂ ಮೀರಿದ ಹಣ. ಬಹುಮಾನದಿಂದಲೇ ಈ ಖರ್ಚನ್ನು ಸರಿದೂಗಿಸಬೇಕಾದರೆ ಜಗತ್ತಿನ ಮೊದಲ 336 ಮಂದಿಯಲ್ಲಿ ಒಬ್ಬನಾಗಿರಬೇಕಿತ್ತು. ಅದಕ್ಕೂ ಕೆಳಗಿರುವ ಸಾವಿರಾರು ಯುವಕರು ಆಡುವುದು ತಂದೆತಾಯಿಯರ ದುಡ್ಡಿನಿಂದ, ಸಾಲದಿಂದ, ಇಲ್ಲವೆ ಯಾರದೋ ಔದಾರ್ಯದಿಂದ.

ಬೋಪಣ್ಣ ಆ ವರ್ಷಗಳನ್ನು ದಾಟಿದರು. ತಮ್ಮ ಬಲ ಡಬಲ್ಸ್‌ನಲ್ಲಿದೆ ಎಂದು ಕಂಡುಕೊಂಡು ಆ ದಾರಿ ಹಿಡಿದರು. 2010ರಲ್ಲಿ ಪಾಕಿಸ್ತಾನದ ಐಸಾಮ್ ಉಲ್ ಹಕ್ ಖುರೇಷಿ ಅವರ ಜೊತೆಗೂಡಿ ಅಮೆರಿಕ ಓಪನ್ ಫೈನಲ್ ತಲುಪಿದರು. 2017ರಲ್ಲಿ ಫ್ರೆಂಚ್ ಓಪನ್ ಮಿಶ್ರ ಡಬಲ್ಸ್ ಪ್ರಶಸ್ತಿ ಒಲಿಯಿತು. 2024ರ ಜನವರಿಯಲ್ಲಿ ಮ್ಯಾಥ್ಯೂ ಎಬ್ಡೆನ್ ಜೊತೆಗೆ ಆಸ್ಟ್ರೇಲಿಯನ್ ಓಪನ್ ಗೆದ್ದರು. ವೃತ್ತಿಪರರಾದಂದಿನಿಂದ ಪುರುಷರ ಡಬಲ್ಸ್‌ನ ಈ ಗ್ರ್ಯಾಂಡ್ ಸ್ಲಾಮ್ ಕಿರೀಟದವರೆಗೆ ಇಪ್ಪತ್ತು ವರ್ಷಗಳೇ ಕಳೆದಿದ್ದವು. ಶ್ರಮ ಅವರದು, ಸಂಶಯವಿಲ್ಲ. ಆದರೆ ಆ ಶ್ರಮ ಫಲಿಸುವ ತನಕ ಕಾಯಬಲ್ಲ ಒಂದು ಮನೆಯೂ ಅವರಿಗಿತ್ತು.

ಈ ಮಾತನ್ನು ಪುಣಜನೂರಿನಂಥ ಊರಿನ ಓದುಗರ ಮುಂದೆ ಏಕೆ ಇಡಬೇಕು? ಚಾಮರಾಜನಗರದಿಂದ ಸತ್ಯಮಂಗಲದ ಕಡೆಗೆ ಸಾಗುವ ಹೆದ್ದಾರಿಯಲ್ಲಿ, ಕಾಡಿನ ಅಂಚಿನಲ್ಲಿರುವ ಊರು ಅದು. ಕೊಡಗಿನಂತೆಯೇ ಇಲ್ಲಿಯೂ ಬೆಟ್ಟವಿದೆ, ಕಾಡಿದೆ. ಓಡಿ ಹತ್ತಿ ಗಟ್ಟಿಯಾದ ಕಾಲುಗಳ ಮಕ್ಕಳಿದ್ದಾರೆ. ನಮ್ಮ ಈ ಗಡಿ ಜಿಲ್ಲೆಯಿಂದ ಅನೇಕ ಬಡ ಕುಟುಂಬಗಳು ಕೊಡಗಿನ ಕಾಫಿ ತೋಟಗಳಿಗೆ ಕೂಲಿಗೂ ಹೋಗುತ್ತವೆ. ಅದೇ ಕಾಫಿ ತೋಟದ ನಡುವೆ ಓಡಿ ಒಬ್ಬ ಬಾಲಕ ಜಗತ್ತಿನ ಅಗ್ರಗಣ್ಯ ಆಟಗಾರನಾದ. ಹಣ್ಣು ಕೊಯ್ಯುವ ತಾಯಿಯ ಹಿಂದೆ ಶಾಲೆ ಬಿಟ್ಟು ಹೋದ ಮಗು ಏನಾಗಬಲ್ಲದಿತ್ತು ಎಂಬುದು ಯಾರಿಗೂ ತಿಳಿಯದೆ ಹೋಗುತ್ತದೆ. ಇದರಲ್ಲಿ ಬೋಪಣ್ಣನವರ ತಪ್ಪೇನೂ ಇಲ್ಲ. ಆ ತಾಯಿಯ ತಪ್ಪೂ ಇಲ್ಲ. ಕಾಯುವ ಶಕ್ತಿ ಒಂದು ಮನೆಗಿತ್ತು, ಇನ್ನೊಂದು ಮನೆಗಿಲ್ಲ. ಇಲ್ಲದ ಮನೆಯ ಪರವಾಗಿ ಕಾಯಬೇಕಾದವರು ಸಮುದಾಯದವರಾದ ನಾವೇ.

‘ಆಟ ಅನ್ನ ಕೊಡುತ್ತದೆಯೇ?’ ಎಂದು ಹಿರಿಯರು ಕೇಳುವುದುಂಟು. ಇದು ತಳ್ಳಿಹಾಕತಕ್ಕ ಪ್ರಶ್ನೆಯಲ್ಲ. ಬಹುಪಾಲು ಆಟಗಾರರಿಗೆ ಆಟ ಅನ್ನ ಕೊಡುವುದಿಲ್ಲ. ಮೇಲಿನ ಲೆಕ್ಕವೇ ಅದಕ್ಕೆ ಸಾಕ್ಷಿ. ಆದುದರಿಂದಲೇ ಆಡುವ ಮಗುವಿನ ಓದನ್ನು ನಿಲ್ಲಿಸಕೂಡದು. ಓದು ಕೈಯಲ್ಲಿದ್ದರೆ ಸೋಲು ಬದುಕನ್ನೇ ನುಂಗಲಾರದು. ಆದರೆ ಅನ್ನ ಕೊಡದೆಂಬ ಭಯದಿಂದ ಮಗುವಿನ ಕೈಯ ಚೆಂಡನ್ನೇ ಕಿತ್ತುಕೊಳ್ಳುವುದೂ ನ್ಯಾಯವಲ್ಲ. ಹತ್ತು ಮಕ್ಕಳಲ್ಲಿ ಒಬ್ಬನೂ ಆಟಗಾರನಾಗದಿರಬಹುದು. ಆದರೆ ಸೋತು ಮತ್ತೆ ಏಳುವುದನ್ನು ಹತ್ತು ಮಕ್ಕಳೂ ಕಲಿಯುತ್ತಾರೆ.

ಮಾಡಬೇಕಾದ ಕೆಲಸಗಳು ನಮ್ಮ ಶಕ್ತಿಗೆ ಮೀರಿದವಲ್ಲ. ನಮ್ಮ ಸಂಸ್ಥೆಗಳ ಶಾಲಾ ಮೈದಾನಗಳು ಶಾಲೆ ಬಿಟ್ಟ ಮೇಲೆಯೂ, ರಜಾದಿನಗಳಲ್ಲಿಯೂ ಊರಿನ ಎಲ್ಲ ಮಕ್ಕಳಿಗೆ ತೆರೆದಿರಲಿ. ವರ್ಷಕ್ಕೊಮ್ಮೆ ಹತ್ತನೆಯ ತರಗತಿಯ ಅಂಕಪಟ್ಟಿ ನೋಡಿ ಸನ್ಮಾನಿಸುವ ಸಂಘಗಳು, ತಾಲ್ಲೂಕು ಮಟ್ಟದಲ್ಲಿ ಆಡಿ ಸೋತು ಬಂದ ಮಗುವನ್ನೂ ಒಮ್ಮೆ ವೇದಿಕೆಗೆ ಕರೆಯಲಿ. ವಿದ್ಯಾರ್ಥಿವೇತನದ ನಿಧಿಯಲ್ಲಿ ಒಂದು ಪಾಲು ಬೂಟಿಗೆ, ಬಸ್ಸಿನ ಚಾರ್ಜಿಗೆ ಮೀಸಲಾಗಲಿ. ಅದನ್ನು ಒಂದೇ ವರ್ಷ ಕೊಟ್ಟು ಫಲಿತಾಂಶ ಕೇಳದೆ, ನಾಲ್ಕಾರು ವರ್ಷ ಕೊಡಲಿ. ಸರ್ಕಾರದ ಕ್ರೀಡಾ ವಸತಿ ನಿಲಯಗಳ ಆಯ್ಕೆ ಯಾವಾಗ, ಎಲ್ಲಿ ನಡೆಯುತ್ತದೆ ಎಂಬುದನ್ನು ಅಕ್ಷರ ಬಲ್ಲವರು ಅರಿಯದ ತಂದೆತಾಯಿಯರಿಗೆ ತಿಳಿಸಲಿ. ಆಟ ಟೆನಿಸೇ ಆಗಬೇಕೆಂದಿಲ್ಲ. ಕಬಡ್ಡಿಯಾಗಲಿ, ವಾಲಿಬಾಲ್ ಆಗಲಿ, ಓಟವಾಗಲಿ, ಮೊದಲ ವರ್ಷಗಳ ಬಡತನ ಎಲ್ಲಕ್ಕೂ ಒಂದೇ.

ಬೋಪಣ್ಣನವರ ಮೊದಲ ಪ್ರಶಸ್ತಿಗಾಗಿ ಅವರ 28ನೇ ವಯಸ್ಸಿನವರೆಗೆ ಕಾದ ಮನೆಯನ್ನು ನೆನೆಯೋಣ. ನಮ್ಮೂರಿನ ಮಗುವಿಗೆ ಹನ್ನೆರಡು ತುಂಬುವ ಮೊದಲೇ ‘ಇವನಿಂದ ಆಗದು’ ಎಂದು ಷರಾ ಬರೆಯುವ ಆತುರ ನಮಗೆ ಬೇಡ. ಗೆದ್ದ ದಿನ ಹಾರ ಹಿಡಿದು ಬರುವವರು ಬಹಳ ಮಂದಿ ಇರುತ್ತಾರೆ. ಅದಕ್ಕೆ ಮುಂಚಿನ ದಿನಗಳಲ್ಲಿ ಜೊತೆಗಿದ್ದವರ ಸಾಲಿನಲ್ಲಿ ನಮ್ಮ ಹೆಸರೂ ಇರಲಿ.